ಹಗ್ಗ ಎಳೆದರೆ ಸಾಲದು



ಕಾಸರಗೋಡಿನ ಕಡಲ ತೀರದ ನಮಗೆ ದೋಣಿಯ ಔಟ್‌ಬೋರ್ಡ್ ಎಂಜಿನ್ ಹೊಸದಲ್ಲ. ಹಳೆಯ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಬಲವಾಗಿ ಹಗ್ಗ ಎಳೆಯುತ್ತಲೇ ಇದ್ದು ಫಲವಿಲ್ಲ. ತಿಳಿದವರು ಹಗ್ಗ ಬಿಟ್ಟು ಒಂದೊಂದಾಗಿ ನೋಡುತ್ತಾರೆ: ಸ್ಟಾಪ್ ಸ್ವಿಚ್ಚಿನ ಕ್ಲಿಪ್ ಕಳಚಿದೆಯೇ? ಪೈಪಿನ ರಬ್ಬರ್ ಬಲ್ಬ್ ಒತ್ತಿದರೆ ಗಟ್ಟಿಯಾಗುತ್ತದೆಯೇ? ಪ್ಲಗ್‌ಗೆ ಮಸಿ ಹಿಡಿದಿದೆಯೇ, ಕಿಡಿ ಬರುತ್ತದೆಯೇ? ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯ ತಿರುಪು ತೆರೆದಿದೆಯೇ? ಅದು ಮುಚ್ಚಿದ್ದರೆ ಸ್ವಲ್ಪ ಇಂಧನ ಹೋದೊಡನೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗುತ್ತದೆ. ಟ್ಯಾಂಕ್ ತುಂಬಿದ್ದರೂ ಎಂಜಿನ್‌ಗೆ ಹನಿಯೂ ತಲುಪದು.

ನಾವೂ ಹಾಗೆಯೇ. ಬಲಿಪೂಜೆ, ಜಪಸರ ತಪ್ಪಿಸುವುದಿಲ್ಲ. ಆದರೆ ಜಾಗದ ತಕರಾರಿನಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಇಗರ್ಜಿಯಲ್ಲಿ ಮುಖ ತಿರುಗಿಸಿ ಕುಳಿತಿರುತ್ತೇವೆ. ಆಗ ಇನ್ನೊಂದು ನೊವೇನ ಸೇರಿಸುವುದು ಮತ್ತೆ ಹಗ್ಗ ಎಳೆದಂತೆ. ದೇವರ ಕೃಪೆಗೆ ಕೊರತೆಯಿಲ್ಲ. ತಿರುಪು ಬಿಗಿದವರು ನಾವು. ಕಾಣಿಕೆಗಿಂತ ಮೊದಲು ಸಹೋದರನೊಡನೆ ರಾಜಿಯಾಗಬೇಕೆಂದು ಯೇಸುಸ್ವಾಮಿ ಕಲಿಸಿದ್ದು (ಮತ್ತಾಯ 5:23-24) ಇದಕ್ಕಾಗಿಯೇ.

ಪಾಪನಿವೇದನೆಗೆ ಹೋಗುವ ಮುನ್ನ ಶಾಂತವಾಗಿ ಕುಳಿತು ಆತ್ಮಶೋಧನೆ ಮಾಡೋಣ. ಮುಂದಿನ ಭಾನುವಾರಕ್ಕೆ ಮೊದಲು, ಮಾತು ನಿಂತ ಒಂದು ಮನೆಯ ಬಾಗಿಲು ತಟ್ಟೋಣ.

ಪ್ರಭುವೇ, ನಾವೇ ಬಿಗಿದ ತಿರುಪನ್ನು ಸಡಿಲಿಸುವ ಧೈರ್ಯ ನಮಗೆ ನೀಡಿರಿ. ಆಮೆನ್.