ಬಾಡಿಗೆಯ ಕರಾರು ಮತ್ತು ಸತ್ಯಾಣುವ್ರತ

ಶ್ರಾವಕನು ವ್ರತಗಳನ್ನು ಸ್ವೀಕರಿಸುವುದು ಬಸದಿಯಲ್ಲಾದರೂ ಅವುಗಳ ಪರೀಕ್ಷೆ ನಡೆಯುವುದು ಅಂಗಡಿಯಲ್ಲಿ. ಕಟ್ಟಡದ ಮಾಲೀಕನಿಗೂ ಬಾಡಿಗೆದಾರನಿಗೂ ನಡುವೆ ಏಳುವ ವಿವಾದವು ಅಂತಹ ಪರೀಕ್ಷೆಗಳಲ್ಲೊಂದು.

ಒಬ್ಬ ಜವಳಿ ವ್ಯಾಪಾರಿ ಮೂರು ವರ್ಷಗಳ ನೋಂದಾಯಿತ ಕರಾರಿನ ಮೇಲೆ ಮಳಿಗೆಯೊಂದನ್ನು ಹಿಡಿದು, ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟಿದ್ದಾನೆ ಎಂದಿರಲಿ. ಮಳೆಗಾಲದಲ್ಲಿ ಸೂರು ಸೋರಿ ಬಟ್ಟೆಯ ಥಾನುಗಳು ನೆನೆಯುತ್ತವೆ. ದುರಸ್ತಿಗೆ ಕರಾರಿನಲ್ಲಿ ಒಪ್ಪಿದ್ದ ಮಾಲೀಕನು ಅದನ್ನು ಮಾಡಿಸುವುದಿಲ್ಲ, ಕೇಳಿದರೆ ಗದರುತ್ತಾನೆ, ರಸೀದಿಯನ್ನೂ ಕೊಡುವುದಿಲ್ಲ. ಅವಧಿ ಮುಗಿಯಲು ಇನ್ನೂ ಒಂದು ವರ್ಷವಿದೆ. ಸ್ನೇಹಿತರ ಸಲಹೆ ಸಿದ್ಧವಾಗಿದೆ: “ಬಾಡಿಗೆ ನಿಲ್ಲಿಸಿ, ಮುಂಗಡ ತೀರುವ ತನಕ ಕೂತಿದ್ದು, ಒಂದು ರಾತ್ರಿ ಸಾಮಾನು ಸಾಗಿಸಿಬಿಡಿ. ಅಂಥವನಿಗೆ ಅದೇ ಮದ್ದು.”

ಈ ಸಲಹೆಗೆ ನ್ಯಾಯದ ವೇಷವಿದೆ. ಮೊದಲು ಮಾತು ತಪ್ಪಿದವನು ಮಾಲೀಕನೇ. ಮುಂಗಡ ಮರಳಿ ಬಾರದೆಂಬ ಭಯವೂ ಸುಳ್ಳಲ್ಲ. ಆದರೆ ಇಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ: ಬಿಡಬಹುದೇ ಎಂಬುದು ಒಂದು, ಹೇಗೆ ಬಿಡಬೇಕೆಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಕಷ್ಟವಲ್ಲ. ಕರಾರು ಇಬ್ಬರ ವಚನ. ಒಬ್ಬನು ತಪ್ಪಿದಾಗ ಇನ್ನೊಬ್ಬನು ಬಿಡುಗಡೆ ಕೇಳುವುದು ಅಸತ್ಯವಲ್ಲ. ಜೀವನೋಪಾಯ ನಾಶವಾಗುತ್ತಿದ್ದರೂ ಸುಮ್ಮನಿರುವುದು ಕ್ಷಮೆಯೂ ಅಲ್ಲ. ಆದರೆ ಕೇಳಿ ಪಡೆದ ಬಿಡುಗಡೆ ಬೇರೆ, ಹೇಳದೆ ಮಾಡಿದ ಪಲಾಯನ ಬೇರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ನ್ಯಾಸಾಪಹಾರ ಎಂಬೆರಡು ಇವೆ. ಹಿಂದಿನ ದಿನಾಂಕ ಹಾಕಿದ ನೋಟೀಸು, ಹಿಗ್ಗಿಸಿ ಬರೆದ ನಷ್ಟದ ಪಟ್ಟಿ, ಇವು ಕೂಟಲೇಖವಲ್ಲದೆ ಮತ್ತೇನು? ಕ್ರೋಧವು ಮುಖದಲ್ಲೇ ಕಾಣುತ್ತದೆ. ಮಾಯೆಯು ಲೆಕ್ಕದ ಪುಸ್ತಕದಲ್ಲಿ ಅಡಗುತ್ತದೆ.

ನೇರವಾದ ದಾರಿಗೆ ಕಾನೂನಿನ ಆಸರೆಯೂ ಇದೆ. ಮಾಲೀಕನು ತಾನು ಮಾಡಬೇಕಾದ ದುರಸ್ತಿಯನ್ನು ತಿಳಿವಳಿಕೆ ಕೊಟ್ಟ ಮೇಲೂ ಯುಕ್ತ ಕಾಲದಲ್ಲಿ ಮಾಡಿಸದಿದ್ದರೆ, ಕರಾರಿನಲ್ಲಿ ಬೇರೆ ಷರತ್ತಿಲ್ಲದಾಗ, ಬಾಡಿಗೆದಾರನೇ ಮಾಡಿಸಿ ಆ ವೆಚ್ಚವನ್ನು ಬಾಡಿಗೆಯಲ್ಲಿ ಕಳೆಯಲು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣವು ಅವಕಾಶ ಕೊಡುತ್ತದೆ. ಅವಧಿಗೆ ಮುನ್ನ ಬಿಟ್ಟರೆ ಇಷ್ಟು ದಂಡವೆಂದು ಬರೆದಿದ್ದರೂ ಆ ಮೊತ್ತವೆಲ್ಲ ತಾನಾಗಿ ಸಲ್ಲದು. ಅದರ ಮಿತಿಯೊಳಗೆ ಯುಕ್ತ ಪರಿಹಾರ ಮಾತ್ರ ಸಲ್ಲುತ್ತದೆಂಬುದು 1872ರ ಕರಾರು ಅಧಿನಿಯಮದ 74ನೆಯ ಪ್ರಕರಣದ ಸಾರ. ಆದುದರಿಂದ ವ್ಯಾಪಾರಿಯು ದೋಷಗಳನ್ನು ಇದ್ದಂತೆಯೇ ಬರೆದು ತಿಳಿಸಲಿ, ಬಿಡುಗಡೆ ಕೇಳಲಿ, ಸಾಧ್ಯವಾದರೆ ಮತ್ತೊಬ್ಬ ಬಾಡಿಗೆದಾರನನ್ನು ತೋರಿಸಲಿ. ಮುಂಗಡದಲ್ಲಿ ಮುರಿದುಕೊಳ್ಳುವುದಿದ್ದರೆ ಲೆಕ್ಕ ಮುಂದಿಟ್ಟು ಒಪ್ಪಿಸಿಯೇ ಮುರಿದುಕೊಳ್ಳಲಿ. ಬೀಗದ ಕೈಯನ್ನು ಸಾಕ್ಷಿಗಳ ಎದುರಿನಲ್ಲಿ ಒಪ್ಪಿಸಲಿ. ಒಪ್ಪಿಗೆ ಬಾರದಿದ್ದರೆ ಹಿರಿಯರ ಮಧ್ಯಸ್ಥಿಕೆ ಇದೆ, ನ್ಯಾಯಾಲಯವಿದೆ. ಈ ದಾರಿಯಲ್ಲಿ ಕೆಲವು ತಿಂಗಳ ಬಾಡಿಗೆ ನಷ್ಟವಾದೀತು. ವ್ರತಕ್ಕೆ ಬೆಲೆಯೇ ಇಲ್ಲವೆಂದು ಆಚಾರ್ಯರು ಎಲ್ಲಿಯೂ ಹೇಳಿಲ್ಲ.

ಮಾಲೀಕನ ಪಾಲಿಗೆ ಬರುವುದು ನ್ಯಾಸಾಪಹಾರ. ಇಟ್ಟ ಹಣದ ಮೊತ್ತವನ್ನು ಮರೆತವನು ಬಂದು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದನ್ನೇ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಅತಿಚಾರವೆಂದು ವಿವರಿಸುತ್ತಾರೆ. ಮರೆತವನಿಗೆ ನೆನಪಿಸದಿರುವುದೇ ದೋಷವಾದರೆ, ನೆನಪಿದ್ದು ಕೇಳುವವನಿಗೆ ಸುಣ್ಣಬಣ್ಣದ ನೆಪ ಹೇಳಿ ಅರ್ಧ ಹಿಡಿದುಕೊಳ್ಳುವುದು ಎಷ್ಟು ದೊಡ್ಡ ದೋಷ! ಸೂತ್ರಕಾರರು ಇದನ್ನು ಅಚೌರ್ಯದ ಕೆಳಗಲ್ಲ, ಸತ್ಯದ ಕೆಳಗೆ ಇಟ್ಟಿರುವುದು ಗಮನಾರ್ಹ. ಹಣಕ್ಕಿಂತ ಮೊದಲು ಕೆಡುವುದು ಮಾತು.

ಅನೇಕ ಬಸದಿಗಳ ಟ್ರಸ್ಟುಗಳಿಗೂ ಬಾಡಿಗೆಯ ಮಳಿಗೆಗಳಿವೆ. ಆ ಮುಂಗಡಗಳು ಟ್ರಸ್ಟಿನ ಆದಾಯವಲ್ಲ, ಪರರ ನ್ಯಾಸ. ವರ್ಷಕ್ಕೊಮ್ಮೆ ಕ್ಷಮಾವಣಿಯ ದಿನ ಎಲ್ಲರಲ್ಲಿಯೂ ಕ್ಷಮೆ ಕೇಳುವ ಮುನ್ನ, ಬಿಟ್ಟುಹೋದ ಬಾಡಿಗೆದಾರರ ಲೆಕ್ಕದ ಪುಟವನ್ನು ಒಮ್ಮೆ ತೆರೆದು ನೋಡುವುದು ಶ್ರೇಯಸ್ಕರ.