ನುಡಿ ಹೊರಡದವನ ಒಡನಾಟ

ಮಾತು ಬಲ್ಲವನಿಗೆ ಜಗಳವಿಲ್ಲವೆಂಬುದು ಲೋಕೋಕ್ತಿ. ಮಾತೇ ಹೊರಡದವನಿಗೆ ಜಗಳವಾಡುವ ಭಾಗ್ಯವೂ ಇಲ್ಲವೆಂಬುದನ್ನು ಆ ಗಾದೆ ಕಟ್ಟಿದವರು ಎಣಿಸಿದಂತೆ ತೋರುವುದಿಲ್ಲ.

ಎಳೆತನದಲ್ಲಿಯೋ ಅದಕ್ಕೂ ಮೊದಲೋ ಮಿದುಳಿಗೆ ಒದಗಿದ ಅಪಾಯದಿಂದ ಕೆಲವು ಮಕ್ಕಳಿಗೆ ಕೈಕಾಲುಗಳು ಸ್ವಾಧೀನದಲ್ಲಿರುವುದಿಲ್ಲ. ನಾಲಗೆ ತುಟಿಗಳೂ ಹಾಗೆಯೇ. ವೈದ್ಯರು ಇದನ್ನು ಸೆರಿಬ್ರಲ್ ಪಾಲ್ಸಿ ಎನ್ನುತ್ತಾರೆ. ಇವರಲ್ಲಿ ಹಲವರ ತಿಳಿವಳಿಕೆಗೆ ಯಾವ ಕುಂದೂ ಇರುವುದಿಲ್ಲ. ಬೆಂಗಳೂರಿನ ಮಾರೇನಹಳ್ಳಿಯ ಬೀದಿಯೊಂದರಲ್ಲಿ ಇಂತಹ ಬಾಲಕನೊಬ್ಬನು ಗಾಲಿಕುರ್ಚಿಯಲ್ಲಿ ಬಾಗಿಲ ಬಳಿ ಕುಳಿತಿರುವನೆಂದು ಭಾವಿಸಬಹುದು. ನೆರೆಮನೆಯಾಕೆ ಬಂದು, "ಇವನಿಗೆ ಊಟವಾಯಿತೇನಮ್ಮ?" ಎಂದು ತಾಯಿಯನ್ನು ಕೇಳುತ್ತಾಳೆ. ಪ್ರಶ್ನೆಯಲ್ಲಿ ಕನಿಕರವುಂಟು, ಆದರೆ ಅದು ಬಾಲಕನ ತಲೆಯ ಮೇಲೆಯೇ ಹಾದುಹೋಗುತ್ತದೆ.

ಇಂಥವನಿಗೆ ನಾಲ್ವರೊಡನೆ ಬೆರೆಯುವುದನ್ನು ಕಲಿಸಬೇಕೆಂದು ಉಪಾಧ್ಯಾಯರು ಹೇಳುವುದು ಸರಿಯೇ. ಸರದಿ ಕಾಯುವುದು, ತಾನಾಗಿ ಮಾತಿಗೆ ತೊಡಗುವುದು, ಇವು ಅಭ್ಯಾಸದಿಂದ ಬರತಕ್ಕವು. ಸಾಧನಗಳೂ ಉಂಟು. ಜನಾಂಗಗಳ ನಡುವಣ ಭಾಷಾಭೇದವನ್ನು ನೀಗಬೇಕೆಂದು ಚಾರ್ಲ್ಸ್ ಬ್ಲಿಸ್ ಎಂಬಾತನು 1949ರಲ್ಲಿ ಒಂದು ಚಿತ್ರಲಿಪಿಯನ್ನು ಪ್ರಕಟಿಸಿದನು. ಆ ಮಹದಾಶೆ ಕೈಗೂಡಲಿಲ್ಲ. ಆದರೆ 1971ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಅದನ್ನೇ ಮಾತು ಹೊರಡದ ಮಕ್ಕಳ ಮುಂದಿಟ್ಟಾಗ ಅವರು ಚಿಹ್ನೆಗಳನ್ನು ತೋರಿಸಿ ವಾಕ್ಯಗಳನ್ನು ಜೋಡಿಸಿದರು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಮಾತಿಗೆ ಬದಲಾದ ಇಂತಹ ಉಪಾಯಗಳನ್ನು ಕಲಿಸುತ್ತಾರೆ.

ಆದರೆ ಮಗುವಿನ ಮುಂದಿಟ್ಟ ಹಲಗೆಯಲ್ಲಿ ಇರುವ ಪದಗಳಾವುವು? ನೀರು, ಅನ್ನ, ಬಚ್ಚಲು, ನೋವು. ಇವೆಲ್ಲ ಆರೈಕೆ ಮಾಡುವವರಿಗೆ ಅನುಕೂಲವಾದ ಪದಗಳು. 'ಒಲ್ಲೆ', 'ಏಕೆ', 'ನೀನು ಸುಳ್ಳುಗಾರ', 'ಮುಟ್ಟಬೇಡ' ಎಂಬವನ್ನು ಸೇರಿಸಲು ಹಿರಿಯರಿಗೆ ತೋಚುವುದೇ ಅಪರೂಪ. ಒಲ್ಲೆನೆನ್ನಲು ದಾರಿಯಿಲ್ಲದ ಮಗುವಿನ ವಿಧೇಯತೆಯನ್ನು ಸದ್ಗುಣವೆಂದು ಹೊಗಳುವುದೆಂತು? ದುಷ್ಟನೊಬ್ಬನ ಕೈಗೆ ಸಿಕ್ಕಿದರೆ ದೂರು ಹೇಳುವುದಕ್ಕೂ ಅದಕ್ಕೆ ಪದವಿಲ್ಲ. ಗೆಳೆತನವಾದರೂ ಬರಿಯ ನಮಸ್ಕಾರದಿಂದ ಬೆಳೆಯತಕ್ಕದ್ದಲ್ಲ. ಶಾಲೆಯ ಹುಡುಗರು ಬೆಳಗ್ಗೆ 'ಟೂ' ಬಿಟ್ಟು ಸಂಜೆಗೆ ರಾಜಿಯಾಗಿಯೇ ಗೆಳೆಯರಾಗುವುದು. ಸದಾ ನಗುವ, ಎಂದೂ ಮುನಿಯದ ಒಡನಾಡಿಯನ್ನು ಅವರು ಮುದ್ದಿಸಿಯಾರು, ಆಟಕ್ಕೆ ಕರೆಯಲಾರರು.

ಕೇಳುವವನ ಶಿಕ್ಷಣವೂ ಉಳಿದಿದೆ. ಬೆರಳು ಒಂದು ಚಿತ್ರದಿಂದ ಇನ್ನೊಂದಕ್ಕೆ ಸರಿಯುವಷ್ಟರಲ್ಲಿ ಎದುರಿನವನು ವಾಕ್ಯವನ್ನು ತಾನೇ ಮುಗಿಸಿ, ಉಪಕಾರ ಮಾಡಿದೆನೆಂದು ತಿಳಿಯುತ್ತಾನೆ. ಅಂಗವಿಕಲರ ಹಕ್ಕುಗಳ ಕುರಿತ 2016ರ ಕಾಯಿದೆಯು ಮಾತಿಗೆ ಬದಲಾದ ಮಾರ್ಗಗಳನ್ನೂ ಸಂವಹನವೆಂದೇ ಎಣಿಸಿದೆ. ನಿಂತು ಕಾಯುವಂತೆ ಮಾತ್ರ ಯಾವ ಕಾಯಿದೆಯೂ ನೆರೆಯವರಿಗೆ ವಿಧಿಸಲಾರದು. ಮಾರೇನಹಳ್ಳಿಯ ಆ ನೆರೆಯಾಕೆ ಮರುದಿನ ಬಾಲಕನನ್ನೇ ಕೇಳಿದಳಾದರೆ, ಅವನ ಬೆರಳು ಊಟದ ಚಿತ್ರವನ್ನು ದಾಟಿ ಮತ್ತೆಲ್ಲಿಗೋ ಹೊರಟೀತು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದರೂ ಆಕೆ ಅಷ್ಟು ಹೊತ್ತು ನಿಲ್ಲಬೇಕಾದೀತು.