ಕೊಡಲಿಯನ್ನು ಎತ್ತುವದಕ್ಕೆ ಮುಂಚೆ

ಸ್ವಂತ ತೋಪುಳ್ಳ ರೈತನಿಗೆ ಕೆಲವು ಮರಗಳನ್ನು ಕಡಿದು ಉಳಿದವುಗಳಿಗೆ ಸ್ಥಳ ಮಾಡಿಕೊಡಬೇಕಾದ ಕಾಲವು ಬರುವದುಂಟು. ಆಗ ಯಾವದು ಉಳಿಯಬೇಕು, ಯಾವದು ಬೀಳಬೇಕು ಎಂಬುವದನ್ನು ಅವನು ಯಾವ ಅಳತೆಯಿಂದ ನಿರ್ಣಯಿಸುವನು? ಇದು ಬೇಸಾಯದ ಪ್ರಶ್ನೆ ಮಾತ್ರವಲ್ಲ, ಮನಸ್ಸಾಕ್ಷಿಯ ಪ್ರಶ್ನೆಯೂ ಆಗಿದೆ.

ಉರಿಗಾಂ, ಬಂಗಾರಪೇಟೆ ಸೀಮೆಯನ್ನು ನೋಡಿರಿ. ವರುಷವಿಡೀ ಹರಿಯುವ ಹೊಳೆಯಿಲ್ಲದ ಈ ಕೋಲಾರ ಜಿಲ್ಲೆಯಲ್ಲಿ ಅನೇಕರು ಮಳೆಯನ್ನು ನಂಬಲಾರದೆ ರಾಗಿಯ ಹೊಲಗಳಲ್ಲಿ ನೀಲಗಿರಿಯನ್ನು ನೆಟ್ಟರು. ಅದು ನೆಟ್ಟಗೆ ಬೆಳೆಯುವದು, ಬೇಗನೆ ಹಣ ತರುವದು, ಕಡಿದರೂ ಬುಡದಿಂದ ತಿರಿಗಿ ಚಿಗುರುವದು. ಆದರೆ ಅದರಲ್ಲಿ ಹಕ್ಕಿ ತಿನ್ನತಕ್ಕ ಹಣ್ಣಿಲ್ಲ, ಅದರ ಕೆಳಗೆ ಹುಲ್ಲು ವಿರಳ. ನೆಲದ ನೀರನ್ನೂ ಅದು ಬಹಳವಾಗಿ ಹೀರುವದೆಂಬ ಕಾರಣದಿಂದ 2017 ರಲ್ಲಿ ಕರ್ನಾಟಕ ಸರಕಾರವು ಅದನ್ನು ಹೊಸದಾಗಿ ನೆಡುವದನ್ನು ನಿಷೇಧಿಸಿತು.

ಅದೇ ತೋಪಿನ ಅಂಚಿನಲ್ಲಿ ಒಂದು ಸೊಟ್ಟ ಹೊಂಗೆ, ಒಳಗೆ ಪೊಳ್ಳಾದ ಒಂದು ಹುಣಿಸೆ, ಒಣಗಿದ ಒಂದು ಬೇವು ಇರಬಹುದು. ವ್ಯಾಪಾರಿಯ ಕಣ್ಣಿಗೆ ಮೊದಲು ಕಡಿಯತಕ್ಕವುಗಳು ಇವೇ. ಆದರೆ ಮರಕುಟಿಗವು ಒಣಮರದಲ್ಲಿ ಕೊರೆದುಬಿಟ್ಟ ಪೊಟರೆಯಲ್ಲಿ ಗಿಳಿಯೋ ಗೊರವಂಕವೋ ಮರಿಮಾಡುವದು. ಹುಣಿಸೆಯ ಪೊಳ್ಳಿನಲ್ಲಿ ಹಗಲನ್ನು ಕಳೆಯುವ ಗೂಬೆಯು ರಾತ್ರಿಯಲ್ಲಿ ನಮ್ಮ ಹೊಲದ ಇಲಿಗಳನ್ನು ಹಿಡಿಯುವದು. ನಾವು ಕೆಲಸಕ್ಕೆ ಬಾರದೆಂದ ಮರವೇ ಅವುಗಳಿಗೆ ಮನೆಯಾಯಿತು.

ಹಾಗಾದರೆ ಒಂದನ್ನೂ ಕಡಿಯಬಾರದೋ? ಹಾಗಲ್ಲ. ಒತ್ತೊತ್ತಾಗಿ ನಿಂತ ಮರಗಳು ಒಂದರ ಬೆಳಕನ್ನು ಒಂದು ಕಸಿದುಕೊಳ್ಳುವವು. ಚಿನ್ನದ ಗಣಿಗಳ ಬಯಲಿನಲ್ಲಿ ಮೇಯುವ ಕೃಷ್ಣಮೃಗಕ್ಕೆ ಬೇಕಾದದ್ದು ತೆರೆದ ಹುಲ್ಲುಗಾವಲೇ. ಬಳ್ಳಾರಿ ಜಾಲಿಯು ಮುಚ್ಚಿದ ನೆಲವು ಅದಕ್ಕೆ ಒಗ್ಗದು. ಆದಕಾರಣ ದೋಷವು ಕೊಡಲಿಯಲ್ಲಿಲ್ಲ, ಅದನ್ನು ಹಿಡಿದವನ ಅಳತೆಯಲ್ಲಿದೆ. ಮೊದಲು ಗೂಡುಗಳಿವೆಯೋ ಎಂದು ನೋಡಿರಿ, ನೀಲಗಿರಿಯನ್ನು ವಿರಳಮಾಡಿರಿ, ಪೊಟರೆಯ ಮರವನ್ನೂ, ಆಲ ಅತ್ತಿಗಳನ್ನೂ ಬಿಡಿರಿ. 1976 ರ ಮರಗಳ ಸಂರಕ್ಷಣಾ ಕಾಯಿದೆಯ ಪ್ರಕಾರ ನೀಲಗಿರಿ, ಸರ್ವೆ ಮುಂತಾದ ಕೆಲವನ್ನು ಬಿಟ್ಟು ಇತರ ಮರಗಳಿಗೆ ಅರಣ್ಯಾಧಿಕಾರಿಯ ಅಪ್ಪಣೆಯು ಬೇಕೆಂಬುವದನ್ನೂ ಮರೆಯಬೇಡಿರಿ.

“ಅಯ್ಯಾ, ನನಗೆ ಸಾಲವಿದೆ, ಮಗಳ ಮದುವೆಯಿದೆ, ಗಿಳಿ ಬಂದು ನನ್ನ ಸಾಲ ತೀರಿಸೀತೇ?” ಎಂದು ಬಡವನು ಕೇಳುವನು. ಈ ಮಾತನ್ನು ಹಗುರವಾಗಿ ತಳ್ಳಿಬಿಡಬಾರದು. ಮೋಶೆಯ ಧರ್ಮಶಾಸ್ತ್ರವು ಹೊಲದ ಯಜಮಾನನಿಗೆ ಕೊಯ್ಯಬೇಡವೆಂದು ಹೇಳಲಿಲ್ಲ, ಅಂಚನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದಿತು. ಗೂಡಿನ ಮರಿಗಳನ್ನು ತೆಗೆದುಕೊಂಡರೂ ತಾಯಿಹಕ್ಕಿಯನ್ನು ಬಿಟ್ಟುಬಿಡಬೇಕೆಂದಿತು. ಬದುಕುವದಕ್ಕೆ ತೆಗೆದುಕೊಳ್ಳಬಹುದು, ಎಲ್ಲವನ್ನೂ ತೆಗೆದುಕೊಳ್ಳಬಾರದು. ಹುಣಿಸೆಯ ಸೌದೆಗೂ ಬೆಲೆಯುಂಟು, ಅದನ್ನು ಬಿಟ್ಟರೆ ನಷ್ಟವುಂಟು, ನಿಜ. ಆದರೆ ತನಗೆ ಏನೂ ಖರ್ಚಿಲ್ಲದ ಕಾಣಿಕೆಯನ್ನು ದೇವರಿಗೆ ಅರ್ಪಿಸಲಾರೆನೆಂದು ದಾವೀದನು ಅರೌನನ ಕಣದಲ್ಲಿ ಬೆಲೆಕೊಟ್ಟನಲ್ಲವೇ?

ಹಣ್ಣು ಬಿಡದ ಅಂಜೂರದ ಮರವನ್ನು ಕುರಿತು ಕರ್ತನು ಹೇಳಿದ ಸಾಮ್ಯವು ನಿಮಗೆ ತಿಳಿದಿದೆ. ಯಜಮಾನನು ಕಡಿಯೆಂದನು, ತೋಟಗಾರನು ಇನ್ನೊಂದು ವರುಷವನ್ನು ಬೇಡಿಕೊಂಡು, ತಾನೇ ಅಗೆದು ಗೊಬ್ಬರ ಹಾಕುವೆನೆಂದನು. ಕಡಿಯುವ ದಿನವು ಬಾರದೆಂದು ಅವನು ಹೇಳಲಿಲ್ಲ, ಅವಸರದ ತೀರ್ಪನ್ನು ಮಾತ್ರ ತಡೆದನು.

ಪ್ರಯೋಜನವಿಲ್ಲದವರೆಂದು ಎಣಿಸಲ್ಪಡುವದು ಹೇಗಿರುತ್ತದೆಂದು ಉರಿಗಾಮಿನವರು ಬಲ್ಲರು. 2001 ರಲ್ಲಿ ಗಣಿಗಳು ಮುಚ್ಚಿದಾಗ ಎಷ್ಟೋ ಮಂದಿ ಕೆಲಸಗಾರರು ಒಂದೇ ದಿನದಲ್ಲಿ ಬೇಡವಾದವರಾದರು. ಅವರಲ್ಲಿ ಕೆಲವರ ಶ್ವಾಸಕೋಶಗಳು ಕಲ್ಲಿನ ಧೂಳಿನಿಂದ ಕೆಟ್ಟಿದ್ದವು. ಅಂಥ ಮುದುಕರು ನಮ್ಮ ಸಭೆಗಳ ಹಿಂದಿನ ಸಾಲುಗಳಲ್ಲಿ ಕೂತಿದ್ದಾರಲ್ಲವೇ? ಪೊಳ್ಳಾದ ಮರದಲ್ಲಿ ಯಾರು ವಾಸಮಾಡುತ್ತಾರೆಂದು ನೋಡುವದಕ್ಕೆ ಕಲಿತ ಕಣ್ಣು ಅವರನ್ನೂ ಬೇರೆ ರೀತಿಯಲ್ಲಿ ನೋಡುವದು. ಕೊಡಲಿಯನ್ನು ಎತ್ತುವದಕ್ಕೆ ಮುಂಚೆ ತೋಪನ್ನು ಒಂದು ಸುತ್ತು ಬನ್ನಿರಿ. ಗುಬ್ಬಿಯನ್ನೂ ಮರೆಯದ ತಂದೆಯು ನಮಗೆ ಆ ತಾಳ್ಮೆಯನ್ನು ಕೊಡಲಿ.